ಬಡ್ತಿ ಬೇಡ ಎಂದು ಬರೆದುಕೊಡುವ ಮೊದಲು

ಸೋಮವಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ನಾನು ಕೆಲಸ ಮಾಡಿದ ಶಾಲೆಗಳಲ್ಲೆಲ್ಲ ಪಾಠ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಮುಖ್ಯ ಶಿಕ್ಷಕಿಯಾಗುವ ಬಡ್ತಿಯ ಕೌನ್ಸೆಲಿಂಗ್‌ಗೆ (ಖಾಲಿ ಇರುವ ಶಾಲೆ ಆರಿಸಿಕೊಳ್ಳುವ ಸಭೆ) ಕರೆ ಬಂದಾಗ ‘ಬೇಡ’ ಎಂದು ಬರೆದುಕೊಟ್ಟವರಲ್ಲೂ ನಾನು ಕಂಡದ್ದು ಅವರನ್ನೇ. ಕೇಳಿದರೆ, “ಮನೆ ಕಡೆ ನೋಡ್ಬೇಕಲ್ಲ ಮೇಡಂ” ಅನ್ನುತ್ತಾರೆ. ಇನ್ನಷ್ಟು ಹೊತ್ತು ಕೂತು ಮಾತಾಡಿದರೆ ಬೇರೆ ಮಾತು ಹೊರಬರುತ್ತದೆ. ಕ್ಯಾಷ್ ಬುಕ್ ಬರೆದು ಗೊತ್ತಿಲ್ಲ, ಆಡಿಟ್ ಅಂದರೆ ಭಯ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಊರಿನ ದೊಡ್ಡವರ ಮುಂದೆ ಮಾತಾಡಬೇಕು. ವರ್ಷಗಟ್ಟಲೆ ಸರ್ವಿಸ್ ಆಗಿದ್ದರೂ ಬೀರುವಿನ ಕೀಲಿ ಅವರ ಕೈಗೆ ಬಂದಿರುವುದಿಲ್ಲ. ಬ್ಯಾಂಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ‘ಹೊರಗಿನ ಕೆಲಸ’ ಎಂದು ಜೂನಿಯರ್ ಮೇಷ್ಟ್ರ ಪಾಲಿಗೆ, ರಂಗೋಲಿ, ಸ್ವಾಗತಗೀತೆ ಟೀಚರ್‌ಗಳ ಪಾಲಿಗೆ. ಕಲಿಯಲು ಬಿಡದೆ ಧೈರ್ಯ ಸಾಲದು ಅನ್ನುವುದು ಅನ್ಯಾಯ.

ನಾನು ಬಿಸಿಯೂಟದ ದಾಸ್ತಾನು ಪುಸ್ತಕದಿಂದ ಶುರು ಮಾಡಿದೆ. ನಮ್ಮ ಸೀನಿಯರ್ ಟೀಚರ್ ಒಬ್ಬರು ಊಟದ ಉಸ್ತುವಾರಿ ನೋಡುತ್ತಿದ್ದರು, ಆದರೆ ಲೆಕ್ಕ ಮುಟ್ಟಿರಲಿಲ್ಲ. ಒಂದರಿಂದ ಐದನೇ ತರಗತಿಗೆ ತಲಾ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ. ಅಂದು ಕೆಳಗಿನ ತರಗತಿಗಳಲ್ಲಿ 42 ಮಕ್ಕಳು, ಮೇಲಿನವುಗಳಲ್ಲಿ 26. “ಎಷ್ಟು ಕೊಡ್ಬೇಕು ಟೀಚರೇ?” ಅಂದೆ. ಹಾಜರಿ ನೋಡಿ 8 ಕಿಲೋ 100 ಗ್ರಾಂ ಎಂದು ಬರೆದರು, ತಾವೇ ತಕ್ಕಡಿಗೆ ಹಾಕಿ ತೂಗಿಸಿದರು, ಉಳಿಕೆ ಕಳೆದು ಸಹಿ ಹಾಕಿದರು. “ಇಷ್ಟೇನಾ ಮೇಡಂ?” ಎಂದು ನನ್ನ ಮುಖ ನೋಡಿದರು. ಆಮೇಲೆ ಕ್ಯಾಷ್ ಬುಕ್ ಕೊಟ್ಟೆ. ವೋಚರ್‌ಗೆ ನಂಬರ್, ಚೆಕ್ಕಿಗೆ ಎಸ್‌ಡಿಎಂಸಿ ಅಧ್ಯಕ್ಷರದ್ದೂ ಮುಖ್ಯ ಶಿಕ್ಷಕಿಯದ್ದೂ ಸಹಿ, ತಿಂಗಳ ಕೊನೆಗೆ ಪಾಸ್‌ಬುಕ್ಕಿನ ಜೊತೆ ತಾಳೆ. ನಾನು ರಜೆ ಹಾಕುವಾಗ ಪ್ರಭಾರವನ್ನು ಬಾಯಿಮಾತಲ್ಲಿ ಹೇಳದೆ ಬರವಣಿಗೆಯಲ್ಲೇ ಅವರಿಗೆ ಕೊಡುತ್ತಿದ್ದೆ. ಅಧಿಕಾರಿ ಬಂದರೆ ಮುಖ್ಯಸ್ಥರ ಕುರ್ಚಿಯಲ್ಲಿ ಕೂತು ಉತ್ತರ ಕೊಡಬೇಕಾದವರು ಅವರೇ.

ಸಭೆಯದ್ದು ಬೇರೆ ಕಥೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಪುಸ್ತಕದಲ್ಲಿ ತಾಯಂದಿರ ಹೆಸರಿತ್ತು, ಸಭೆಗೆ ಮಾತ್ರ ಬರುತ್ತಿರಲಿಲ್ಲ. ಕಾಫಿ ಕೊಯ್ಲಿನಲ್ಲಿ ತೋಟದ ಕೆಲಸ ಬಿಟ್ಟು ಬಂದರೆ ಆ ದಿನದ ಕೂಲಿ ಹೋಯಿತು. ಶನಿವಾರ ಅರ್ಧ ದಿನ ಶಾಲೆ, ಅವರೂ ಶನಿವಾರಸಂತೆಯ ಸಂತೆಗೆ ಹೊರಟಿರುತ್ತಾರೆ. ಸಭೆಯನ್ನು ಆ ಹೊತ್ತಿಗೆ ಹೊಂದಿಸಿದೆವು. ತಾಯಂದಿರು ಚೀಲ ಹಿಡಿದೇ ಬಂದರು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಯಾಕಿಲ್ಲ ಎಂದು ಕೇಳಿದರು. ಸಭೆ ನಡೆಸುತ್ತಿದ್ದ ಆ ಟೀಚರ್ ಪೈಪಿನ ಲೆಕ್ಕ ಸಮೇತ ಉತ್ತರಿಸಿದರು. ಅವರ ದನಿ ಗಟ್ಟಿಯಾದದ್ದು ಅಂಥ ಪ್ರಶ್ನೆಗಳಿಂದಲೇ ಎಂದು ನನ್ನ ನಂಬಿಕೆ.

ಬಡ್ತಿ ಕೇಳುವುದು ದುರಾಸೆ ಎಂಬ ಸಂಕೋಚ ಬಂದವರಿಗೆ ನಾನು ನಮ್ಮ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರ ಹೆಸರು ಹೇಳುತ್ತೇನೆ. ದೇಶದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಬಡ್ತಿ ತಪ್ಪಿಸಿದಾಗ ಸರ್ಕಾರದ ಮೇಲೆಯೇ ಸುಪ್ರೀಂ ಕೋರ್ಟಿಗೆ ಹೋದವರು. 1979ರ ಆ ತೀರ್ಪು ಸೇವಾ ನಿಯಮಗಳಲ್ಲಿ ಹೆಂಗಸರಿಗೆ ಮಾಡಿದ ತಾರತಮ್ಯವನ್ನು ಕಟುವಾಗಿ ಟೀಕಿಸಿತು.

ಮನೆಯ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಸೀನಿಯರ್ ಟೀಚರ್‌ಗೆ ಕರೆ ಬಂದಾಗ, ಕೌನ್ಸೆಲಿಂಗ್‌ಗೆ ಮುಂಚೆ ಖಾಲಿ ಜಾಗಗಳ ಪಟ್ಟಿ ಹಿಡಿದು ಕೂತು, ಒಂದೊಂದು ಊರಿಗೂ ಬೆಳಗಿನ ಮೊದಲ ಬಸ್ಸು, ಸಂಜೆಯ ಕೊನೆಯ ಬಸ್ಸು ಬರೆದುಕೊಂಡೆವು. ಜುಲೈ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಉಳಿಯಲು ಯಾರ ಮನೆ ಇದೆ ಎಂಬುದನ್ನೂ ವಿಚಾರಿಸಿದೆವು. ಅವರ ಯಜಮಾನರನ್ನೂ ಕರೆದು ಕೂರಿಸಿಕೊಂಡೆ. ಅತ್ತೆಯ ಆಸ್ಪತ್ರೆ ಓಡಾಟ ಯಾರದು ಎಂಬುದು ಅಂದೇ ತೀರ್ಮಾನವಾಯಿತು.

ಆ ಟೀಚರ್ ಈಗ ಬೇರೊಂದು ಶಾಲೆಯ ಮುಖ್ಯ ಶಿಕ್ಷಕಿ. ನಮ್ಮಲ್ಲಿ ಇನ್ನಿಬ್ಬರು ಸೀನಿಯಾರಿಟಿ ಪಟ್ಟಿಯಲ್ಲಿದ್ದಾರೆ, ಒಬ್ಬರಿಗೆ ದಾಸ್ತಾನು, ಒಬ್ಬರಿಗೆ ಕ್ಯಾಷ್ ಬುಕ್ ಕೊಟ್ಟಿದ್ದೇನೆ. ಖಾಲಿ ಜಾಗಗಳ ಪಟ್ಟಿ ಇನ್ನೂ ಬೇಗ ಕೈಗೆ ಸಿಗಬೇಕು. ಒಂದೆರಡು ದಿನದಲ್ಲಿ ಊರು, ಬಸ್ಸು, ಮನೆ ಎಲ್ಲ ಯೋಚಿಸಲಾಗದೆಯೇ ಎಷ್ಟೋ ಜನ ‘ಬೇಡ’ ಎಂದು ಬರೆದುಬಿಡುತ್ತಾರೆ.