ಒಗೆಯುವ ಬಟ್ಟೆಯಲ್ಲಿ ನಾಯಿ ಹುಡುಕುವುದೇನು? – ನನ್ನ ಅನುಭವ

ಕೊಪ್ಪಳದಲ್ಲಿ ನಮ್ಮ ಓಣಿಗೆ ನಳದ ನೀರು ದಿನವೂ ಬರುವುದಿಲ್ಲ. ಆದ್ದರಿಂದ ಮೈಲಿಗೆ ಬಟ್ಟೆಯೆಲ್ಲ ನೀರು ಬರುವ ದಿನದವರೆಗೆ ಬಚ್ಚಲಮನೆಯ ಮೂಲೆಯಲ್ಲಿ ಕೂಡಿಬೀಳುತ್ತದೆ. ನಮ್ಮ ಮನೆಯ ಎರಡು ನಾಯಿಗಳೂ ಕದಿಯುತ್ತಿದ್ದುದು ಆ ರಾಶಿಯಿಂದಲೇ. ಕರಿಯ ಓಣಿಯಲ್ಲಿ ಹುಟ್ಟಿ ನಮ್ಮ ಕಟ್ಟೆಯನ್ನು ಹಿಡಿದ ನಾಡು ನಾಯಿ, ವಯಸ್ಸಾದದ್ದು. ಚಿನ್ನಿ ಹೊಸಪೇಟೆಯ ಬೀಗರ ಮನೆಯಿಂದ ಬಂದ ಲ್ಯಾಬ್ರಡಾರ್ ಮರಿ. ಸೀರೆ, ಚಾದರ, ಮಗಳ ಶಾಲೆಯ ಸಮವಸ್ತ್ರ ಇವೆಲ್ಲ ಕೈಗೆಟಕುವಂತೆ ಮೇಲೆಯೇ ಬಿದ್ದಿದ್ದರೂ ಅವುಗಳ ಗೊಡವೆಗೆ ಹೋಗದೆ, ತಳದಲ್ಲಿದ್ದ ನಮ್ಮ ಯಜಮಾನರ ಕಾಲುಚೀಲವನ್ನು ಮೂತಿಯಿಂದ ಕೆದಕಿ ತೆಗೆಯುತ್ತಿದ್ದವು; ಅದು ಸಿಗದಿದ್ದರೆ ಬನಿಯನ್, ಬನಿಯನ್ನೂ ಇಲ್ಲದಿದ್ದರೆ ಒಳ ಉಡುಪು. ಈ ಆಯ್ಕೆಯ ಹಿಂದೆ ಕಾರಣವಿರಲೇಬೇಕು ಎನ್ನಿಸಿ, ಬೈದು ಹೆದರಿಸುವುದಕ್ಕಿಂತ ಮೊದಲು ಗಮನಿಸಿ ನೋಡಲು ತೀರ್ಮಾನಿಸಿದೆ.

ಮೊದಲು ಒಂದೇ ಜೊತೆಯ ಕಾಲುಚೀಲಗಳಲ್ಲಿ ಒಂದನ್ನು ಒಗೆದು ಒಣಗಿಸಿ, ಇನ್ನೊಂದನ್ನು ತೊಟ್ಟು ಬಿಚ್ಚಿದ ಹಾಗೆಯೇ ಕಟ್ಟೆಯ ಮೇಲೆ ಇಟ್ಟೆ. ಕರಿಯ ಎರಡನ್ನೂ ಮೂಸಿ, ಒಗೆಯದ್ದನ್ನೇ ಎತ್ತಿಕೊಂಡಿತು. ಮುಂದೆ ನನ್ನ ರವಿಕೆಯನ್ನೂ ಯಜಮಾನರ ಬನಿಯನ್ನನ್ನೂ ಜೊತೆಯಾಗಿ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಸ್ಪಷ್ಟವಾಯಿತು: ಅವರು ಗಿಣಿಗೇರಿ ಬಳಿಯ ಕಾರ್ಖಾನೆಗೆ ರಾತ್ರಿ ಪಾಳಿಗೆ ಹೋಗಿದ್ದಾಗ ಬನಿಯನ್ ಮಾಯವಾಗುತ್ತಿತ್ತು, ಅವರು ಮನೆಯಲ್ಲೇ ಇದ್ದಾಗ ಕರಿಯ ಎರಡನ್ನೂ ಮುಟ್ಟುತ್ತಿರಲಿಲ್ಲ. ಚಿನ್ನಿಗೆ ಮಾತ್ರ ಇಂಥ ಭೇದವಿರಲಿಲ್ಲ. ಹಗ್ಗದ ಮೇಲೆ ಗಾಳಿಗೆ ತೂಗಾಡುವ ಒಗೆದ ಕರ್ಚೀಫನ್ನೂ ಅದು ಜಿಗಿದು ಎಳೆಯುತ್ತಿತ್ತು. ಕಳ್ಳತನ ಒಂದೇ ಆದರೂ ಎರಡು ನಾಯಿಗಳ ಕಾರಣ ಬೇರೆ ಬೇರೆ ಎಂಬುದು ನನಗೆ ತಿಳಿದದ್ದು ಹೀಗೆ.

ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಜೀವಕೋಶಗಳು ಸುಮಾರು 60 ಲಕ್ಷವಿದ್ದರೆ, ನಾಯಿಯ ಮೂಗಿನಲ್ಲಿ ತಳಿಗೆ ತಕ್ಕಂತೆ 30 ಕೋಟಿಯವರೆಗೂ ಇರುತ್ತವೆ. ನಮ್ಮ ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಬಹಳ ಒತ್ತಾಗಿವೆ; ಕಂಕುಳು ಮತ್ತು ತೊಡೆಸಂದಿಯಲ್ಲಿ ಬೇರೊಂದು ಬಗೆಯ ಗ್ರಂಥಿಗಳಿದ್ದು, ಅವುಗಳ ಸ್ರಾವದಲ್ಲಿ ಕೊಬ್ಬು ಮತ್ತು ಪ್ರೋಟೀನಿನ ಅಂಶವಿರುತ್ತದೆ. ಬೆವರಿಗೆ ತನ್ನಷ್ಟಕ್ಕೆ ಹೆಚ್ಚು ವಾಸನೆಯಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಹುಟ್ಟುವ ಆಮ್ಲಗಳೇ ಕಾಲಿನ ವಾಸನೆಗೂ ಕಂಕುಳಿನ ವಾಸನೆಗೂ ಕಾರಣ. ಕೊಪ್ಪಳದ ಬೇಸಿಗೆಯಲ್ಲಿ ಇಡೀ ಪಾಳಿ ದಪ್ಪ ಬೂಟಿನೊಳಗೆ ಇದ್ದು ಬಂದ ಕಾಲುಚೀಲದಲ್ಲಿ ಆ ಮನುಷ್ಯನ ಗುರುತು ಎಷ್ಟು ಗಾಢವಾಗಿ ಇಳಿದಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಯಂಥ ಅಗಲವಾದ ಬಟ್ಟೆಯಲ್ಲಿ ಈ ವಾಸನೆ ಹರಡಿ ತೆಳುವಾಗುತ್ತದೆ, ಮೇಲಾಗಿ ಅದು ನಾಯಿಯ ಬಾಯಿಗೆ ಭಾರ. ಕಾಲುಚೀಲವಾದರೋ ಹಗುರ, ಮೆತ್ತಗೆ, ಒಂದೇ ತುತ್ತಿಗೆ ಬಾಯಿ ತುಂಬುವಷ್ಟು.

ಈ ವಾಸನೆ ನಾಯಿಗೆ ಹಿತವೆನಿಸುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು 12 ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲ್ಲಾಡದೆ ಮಲಗುವ ರೂಢಿ ಮಾಡಿಸಿ, ಪರಿಚಿತ ಮತ್ತು ಅಪರಿಚಿತ ಮನುಷ್ಯರ, ಪರಿಚಿತ ಮತ್ತು ಅಪರಿಚಿತ ನಾಯಿಗಳ, ಹಾಗೂ ಅವುಗಳದ್ದೇ ಮೈಯ ವಾಸನೆಯನ್ನು ತೋರಿಸಿದರು. 2015ರಲ್ಲಿ ಅಚ್ಚಾದ ಅವರ ಪ್ರಬಂಧದ ಪ್ರಕಾರ, ಒಳ್ಳೆಯದು ಸಿಗುತ್ತದೆಂಬ ನಿರೀಕ್ಷೆಯೊಂದಿಗೆ ನಂಟುಳ್ಳ ಕಾಡೇಟ್ ಎಂಬ ಮೆದುಳಿನ ಭಾಗ ಹೆಚ್ಚು ಚುರುಕಾದದ್ದು ಪರಿಚಿತ ಮನುಷ್ಯರ ವಾಸನೆಗೆ. ಆ ವಾಸನೆಯನ್ನು ಸಂಗ್ರಹಿಸಿದ್ದು ಕಂಕುಳಿನಿಂದ; ಆ ವ್ಯಕ್ತಿ ಪ್ರಯೋಗದ ಹೊತ್ತಿನಲ್ಲಿ ನಾಯಿಯ ಬಳಿ ಇರಲೂ ಇಲ್ಲ. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕರಿಯನೇ. ಅದು ಕದ್ದ ಬನಿಯನ್ನನ್ನು ಎಂದೂ ಹರಿದಿಲ್ಲ. ಬಾಗಿಲ ಹೊಸ್ತಿಲ ಬಳಿ ಒಯ್ದು, ಮುಂಗಾಲುಗಳ ನಡುವೆ ಮುದುಡಿ ಹಾಕಿ, ಕಂಕುಳ ಹೊಲಿಗೆಯ ಜಾಗವನ್ನೇ ಹುಡುಕಿ ನಿಧಾನವಾಗಿ ನೆಕ್ಕಿ, ಅದರ ಮೇಲೆ ಗದ್ದವೂರಿ ಮಲಗುತ್ತದೆ. ನಾನು ಗದರಿಸಲು ಹೋದಾಗ ನಮ್ಮ ಅತ್ತೆಯವರು, "ಅದಕ್ಕ ಬೈಬ್ಯಾಡವ್ವಾ, ಅವನ ದಾರಿ ಕಾಯಾಕತ್ತೈತಿ" ಎಂದಿದ್ದರು. ಅವರು ಹೇಳಿದ್ದು ಸರಿಯೆಂದೇ ನಾನು ನಂಬಿದ್ದೇನೆ. ಈಗ ರಾತ್ರಿ ಪಾಳಿಯ ದಿನಗಳಲ್ಲಿ ಯಜಮಾನರು ತೊಟ್ಟು ಬಿಚ್ಚಿದ ಹಳೆಯ ಬನಿಯನ್ ಒಂದನ್ನು ಕರಿಯನ ಗೋಣಿಚೀಲದ ಹಾಸಿಗೆಯ ಮೇಲೆ ನಾವೇ ಹಾಸುತ್ತೇವೆ. ಅದು ರಾಶಿಯನ್ನು ಕೆದಕುವುದು ಬಹುಮಟ್ಟಿಗೆ ನಿಂತಿದೆ.

ಚಿನ್ನಿಯ ವಿಷಯ ಬೇರೆ. ಅದು ನಮ್ಮಲ್ಲಿಗೆ ಬಂದದ್ದು ಹಲ್ಲು ಬದಲಾಗುವ ಪ್ರಾಯದಲ್ಲಿ. ಮರಿಯ 28 ಹಾಲುಹಲ್ಲು ಉದುರಿ 42 ಶಾಶ್ವತ ಹಲ್ಲು ಮೂಡುವ ಕೆಲಸ ಮೂರು–ನಾಲ್ಕು ತಿಂಗಳಿಗೆ ಶುರುವಾಗಿ ಆರೇಳು ತಿಂಗಳವರೆಗೆ ನಡೆಯುತ್ತದೆ, ಆಗ ಒಸಡಿನ ನವೆಗೆ ಏನನ್ನಾದರೂ ಅಗಿಯಲೇಬೇಕು. ಜೊತೆಗೆ ಲ್ಯಾಬ್ರಡಾರ್ ಬೇಟೆಯ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರಲೆಂದೇ ಬೆಳೆಸಿದ ತಳಿ. ಅದರ ಬಾಯಿ ಬರಿದಾಗಿರುವುದೇ ಕಡಿಮೆ. ಇವೆರಡಕ್ಕಿಂತ ಬಲವಾದ ಕಾರಣ ಮಗಳ ಬೆನ್ನಟ್ಟುವಿಕೆ. ಕಾಲುಚೀಲ ಕಚ್ಚಿದ ಕೂಡಲೇ ಮನೆಯವರೆಲ್ಲ ಓಡಿ ಬಂದರೆ ಮರಿಗೆ ಅದಕ್ಕಿಂತ ಸೊಗಸಾದ ಆಟ ಇನ್ನೊಂದಿಲ್ಲ.

ಹಾಗಾಗಿ ಬೆನ್ನಟ್ಟುವುದನ್ನು ಎಲ್ಲರೂ ಬಿಟ್ಟೆವು. ಕದ್ದಾಗ ಕುಳಿತಲ್ಲೇ ಕುಳಿತು, ಬೇಯಿಸಿದ ಮೊಟ್ಟೆಯ ತುಣುಕನ್ನು ಅಂಗೈಯಲ್ಲಿ ಹಿಡಿದು "ಬಿಡು" ಎನ್ನುವುದು, ಬಾಯಿ ಬಿಟ್ಟ ಮೇಲೆ ತುಣುಕು ಕೊಡುವುದು. ಇದನ್ನು ಕದ್ದ ವೇಳೆಯಲ್ಲಷ್ಟೇ ಮಾಡಿದರೆ ಕದ್ದರೆ ಮೊಟ್ಟೆ ಸಿಗುತ್ತದೆಂದು ನಾಯಿ ಕಲಿಯುವ ಅಪಾಯವಿದೆ. ಆದ್ದರಿಂದ ಅದರದ್ದೇ ಚೆಂಡು, ಹಗ್ಗದ ಗಂಟು ಇವುಗಳ ಮೇಲೆ ದಿನವೂ ಅಭ್ಯಾಸ ಮಾಡಿಸಿ, ಬಿಟ್ಟ ವಸ್ತುವನ್ನು ಮತ್ತೆ ಅದಕ್ಕೇ ಕೊಡುತ್ತಿದ್ದೆ. ಬಾಯಿಯಿಂದ ಕಿತ್ತುಕೊಳ್ಳುವುದನ್ನು ನಾನು ಯಾರಿಗೂ ಒಪ್ಪುವುದಿಲ್ಲ: ಹಾಗೆ ಮಾಡಿದರೆ ಕೆಲವು ನಾಯಿಗಳು ಗುರ್ರೆನ್ನಲು ಕಲಿಯುತ್ತವೆ, ಕೆಲವು ವಸ್ತುವನ್ನು ಅವಸರದಲ್ಲಿ ನುಂಗಿಬಿಡುತ್ತವೆ. ಅಗಿಯಲು ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಗಜ್ಜರಿ ಕೊಟ್ಟೆ. ಹಳೆಯ ಕಾಲುಚೀಲಕ್ಕೆ ಗಂಟು ಹಾಕಿ ಆಟಿಕೆ ಮಾಡಿಕೊಡುವವರಿದ್ದಾರೆ. ಹಳೆಯದು ತನ್ನದು, ಹೊಸದು ಯಜಮಾನರದು ಎಂಬ ಲೆಕ್ಕ ಮರಿಗೆ ತಿಳಿಯುವುದಾದರೂ ಹೇಗೆ?

ನುಂಗುವುದೇ ಇಲ್ಲಿ ನಿಜವಾದ ಭಯ. ಕಾಲುಚೀಲ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಮೇಲಿಂದ ಮೇಲೆ ವಾಂತಿ, ಅನ್ನ ಬಿಡುವುದು, ಹೊಟ್ಟೆ ಮುಟ್ಟಿದರೆ ನರಳುವುದು, ಮಲ ಬಾರದಿರುವುದು ಕಂಡರೆ ತಡಮಾಡದೆ ಪಶುವೈದ್ಯರ ಬಳಿ ಒಯ್ಯಬೇಕು. ನುಂಗಿದ್ದು ಕಣ್ಣಾರೆ ಕಂಡರಂತೂ ಈ ಲಕ್ಷಣಗಳಿಗೆ ಕಾಯಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಾಯಿಯ ಜೀವಕ್ಕೇ ಎರವಾಗಬಹುದು. ಹಿಂದಿನಿಂದ ದಾರ ಜೋತಾಡುತ್ತಿದ್ದರೆ ಎಳೆಯಬಾರದು, ಎಳೆದರೆ ಕರುಳು ಕೊಯ್ದುಹೋಗುವ ಸಂಭವವಿದೆ. ಮುಟ್ಟಿನ ಪ್ಯಾಡುಗಳೂ ಇದೇ ವಾಸನೆಯ ಸೆಳೆತದಿಂದ ಕಸದ ಬುಟ್ಟಿಯಿಂದ ಮಾಯವಾಗುತ್ತವೆ, ಹೊಟ್ಟೆಯಲ್ಲಿ ಅವು ಉಬ್ಬುವುದರಿಂದ ಇನ್ನೂ ಅಪಾಯಕಾರಿ. ಬಟ್ಟೆಯ ನಡುವೆ ನುಸಿಗುಳಿಗೆ ಹಾಕಿ ನಾಯಿಯನ್ನು ದೂರವಿಡುವ ಉಪಾಯವೂ ಬೇಡ, ಅದು ನಾಯಿಗೆ ವಿಷ.

ನಮ್ಮ ಮನೆಯಲ್ಲಿ ಈಗ ಕಾಲುಚೀಲ, ಬನಿಯನ್, ಒಳ ಉಡುಪು ಇವು ಬಿಗಿಯಾದ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಹೋಗುತ್ತವೆ, ದೊಡ್ಡ ಬಟ್ಟೆಗಳು ಮೊದಲಿನಂತೆ ಮೂಲೆಯಲ್ಲೇ ಬೀಳುತ್ತವೆ. ಮನೆಗೆ ಬಂದವರು ಬಾಗಿಲಲ್ಲಿ ಬೂಟು ಬಿಟ್ಟು, ಅದರೊಳಗೆ ಕಾಲುಚೀಲ ತುರುಕಿದ್ದರೆ ಚಿನ್ನಿ ಇಂದಿಗೂ ಅದನ್ನು ಬಿಡುವುದಿಲ್ಲ. ಹಾಗಾಗಿ ಅವರ ಬೂಟುಗಳನ್ನು ಮಗಳು ಕೂಡಲೇ ಎತ್ತಿ ಮಾಡದಲ್ಲಿ ಇಡುತ್ತಾಳೆ.