ಗುಳ್ಳೆಗೆ ಔಷಧ ಬೇರೆ, ಕೆಂಪಿಗೆ ಬೇರೆ: ರೋಸೇಶಿಯಾ ಜೊತೆ ನನ್ನ ಅನುಭವ

ರೋಸೇಶಿಯಾ ಅಂದರೆ ಮುಖ ಕೆಂಪಾಗಿ ಉರಿಯುವ, ಗುಳ್ಳೆ ಏಳುವ ಒಂದು ಚರ್ಮದ ಕಾಯಿಲೆ. ಅದರ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಮುಖದ ಮೇಲಿನ ಗುಳ್ಳೆಯನ್ನೂ ಕೆಂಪನ್ನೂ ಎರಡು ಬೇರೆ ತೊಂದರೆ ಅಂತ ಇಟ್ಟುಕೊಳ್ಳಿ. ಡಾಕ್ಟರ ಲೆಕ್ಕದಲ್ಲಿ ಎರಡೂ ಒಂದೇ ಕಾಯಿಲೆ, ನಿಜ. ಆದರೆ ಗುಳ್ಳೆಗೆ ಕೊಡುವ ಮುಲಾಮು ಕೆಂಪನ್ನು ಅಷ್ಟಾಗಿ ಇಳಿಸುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ, ಗುಳ್ಳೆ ಕಡಿಮೆ ಆಗುತ್ತಿದ್ದರೂ, ಮುಖ ಇನ್ನೂ ಕೆಂಪಗೇ ಇದೆ ಅಂತ ಚೆನ್ನಾಗಿ ಕೆಲಸ ಮಾಡುತ್ತಿದ್ದ ಔಷಧವನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಇನ್ನೊಬ್ಬ ಡಾಕ್ಟರು, ಇನ್ನೊಂದು ಟ್ಯೂಬ್.

ನಾನು ಕಲಬುರಗಿ ಕಡೆಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಬಣ್ಣ ಗೋಧಿ ಬಣ್ಣಕ್ಕಿಂತ ಒಂದಿಷ್ಟು ಕಪ್ಪು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ರೋಸೇಶಿಯಾ ಅಂತ ಹುಡುಕಿದರೆ ಸಿಗುವ ಫೋಟೋಗಳೆಲ್ಲ ಬಿಳಿಯರದ್ದೇ. ಕೆನ್ನೆ ಟೊಮೆಟೊ ಬಣ್ಣದಲ್ಲಿರುತ್ತದೆ. ನಮ್ಮ ಚರ್ಮದಲ್ಲಿ ಅದು ಹಾಗೆ ಕಾಣುವುದೇ ಇಲ್ಲ. ಇಟ್ಟಿಗೆ ಬಣ್ಣ, ಕೆಲವೊಮ್ಮೆ ಸುಮ್ನೆ ಕಪ್ಪಾದಂತೆ ಕಾಣುತ್ತದೆ. ನೋಡುವವರಿಗೆ ಗೊತ್ತಾಗದಿದ್ದರೂ ಒಳಗೆ ಉರಿ ಮಾತ್ರ ಧಗಧಗ. ಕೆನ್ನೆ ಮುಟ್ಟಿದರೆ ಬಿಸಿ. ಹಾಗಾಗಿ ಮೊದಲು ಎಲ್ಲರೂ ಇದನ್ನು ಬಂಗು ಅಂದರು. ಅತ್ತೆಯವರು, 'ಪಿತ್ತ ಆಗ್ಯದ ನಿನಗ, ಜೀರಗಿ ನೀರು ಕುಡಿ' ಅಂದರು. ಜೀರಿಗೆ ನೀರು ಕುಡಿದೆ. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ, ಒಳ್ಳೆಯದೂ ಆಗಲಿಲ್ಲ.

ಕೆಟ್ಟದ್ದು ಆಗಿದ್ದು ಮೆಡಿಕಲ್ ಶಾಪಿನ ಟ್ಯೂಬಿನಿಂದ. ಬಂಗಿಗೆ ಅಂತ ಕೇಳಿದ್ದಕ್ಕೆ ಚೀಟಿ ಗೀಟಿ ಏನೂ ಕೇಳದೆ ಕೊಟ್ಟರು. ಹಚ್ಚಿದ ಕೆಲವೇ ದಿನಕ್ಕೆ ಮುಖ ಬೆಳ್ಳಗೆ, ನುಣುಪಾಗಿ ಹೊಳೆಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಆ ಟ್ಯೂಬಿನ ಹೆಸರು ಕೇಳಿದರು. ಅದರಲ್ಲಿ ಇದ್ದದ್ದು ಸ್ಟೆರಾಯ್ಡ್. ಸ್ಟೆರಾಯ್ಡ್ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ, ಅದಕ್ಕೇ ಕೆಂಪು ಮಾಯ. ಹಚ್ಚುತ್ತಾ ಹೋದ ಹಾಗೆ ಚರ್ಮ ತೆಳ್ಳಗಾಗುತ್ತದೆ. ಬಿಟ್ಟ ಕೂಡಲೇ ನಾಳಗಳು ಮೊದಲಿಗಿಂತ ಜಾಸ್ತಿ ಅಗಲ ಆಗುತ್ತವೆ, ಗುಳ್ಳೆ ಏಳುತ್ತವೆ, ಮತ್ತೆ ಹಚ್ಚಬೇಕು ಅನ್ನಿಸುತ್ತದೆ. ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಚರ್ಮದ ಡಾಕ್ಟರುಗಳ ಸಂಘವೇ ಇದರ ವಿರುದ್ಧ ಒಂದು ಪಡೆ ಕಟ್ಟಿಕೊಂಡಿದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್‌ಗಳ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಕಾನೂನೇನೋ ಬಂತು, ಕೌಂಟರಿನಲ್ಲಿ ಅದು ಎಷ್ಟರ ಮಟ್ಟಿಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೊಲೋನ್ ಇದರಲ್ಲಿ ಯಾವುದಾದರೂ ಹೆಸರಿದ್ದರೆ, ಡಾಕ್ಟರು ಹೇಳದೆ ಮುಖಕ್ಕೆ ಹಚ್ಚಲೇಬೇಡಿ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ, 'ಏನೇನು ಹಚ್ತಿದ್ರಿ ಟೀಚರ್, ಎಲ್ಲ ಟ್ಯೂಬ್ ತಂದೀರಾ?' ಆಮೇಲೆ ಒಂದು ಗಾಜಿನ ಸ್ಲೈಡ್ ತೆಗೆದು ಕೆನ್ನೆಗೆ ಮೆಲ್ಲಗೆ ಒತ್ತಿದರು. ನಮ್ಮ ಶಾಲೆಯ ಲ್ಯಾಬಿನಲ್ಲಿ ಈರುಳ್ಳಿ ಸಿಪ್ಪೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವಲ್ಲ, ಅದೇ ಸ್ಲೈಡ್. ಕೈಗೆ ಕನ್ನಡಿ ಕೊಟ್ಟು ನೋಡಿ ಅಂದರು. ಗಾಜು ಒತ್ತಿದ ಜಾಗದಲ್ಲಿ ಇಟ್ಟಿಗೆ ಬಣ್ಣ ಇಂಗಿ ಹೋಗಿ ನನ್ನ ಮೈಬಣ್ಣ ಕಂಡಿತು. ತೆಗೆದ ತಕ್ಷಣ ಮತ್ತೆ ತುಂಬಿಕೊಂಡಿತು. ಬಂಗು ಆಗಿದ್ದರೆ ಒತ್ತಿದರೂ ಹೋಗುವುದಿಲ್ಲ, ಅದು ಚರ್ಮದ ಬಣ್ಣ. ಇದು ರಕ್ತ, ಅದಕ್ಕೇ ಸರಿಯುತ್ತದೆ. ಇಷ್ಟು ಸರಳ ಪರೀಕ್ಷೆ! ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ) ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಎಎನ್‌ಎ ಅಂತ ಒಂದು ರಕ್ತ ಪರೀಕ್ಷೆ ಬರೆದರು, ಯಾಕೆಂದರೆ ಅದರಲ್ಲೂ ಕೆನ್ನೆ ಮೇಲೆ ಕೆಂಪು ಬರುತ್ತದೆ. ಲೂಪಸ್‌ನಲ್ಲಿ ಸಾಮಾನ್ಯವಾಗಿ ಮೂಗಿನ ಪಕ್ಕದ ಗೆರೆಯ ಜಾಗ ಬಿಟ್ಟು ಉಳಿದ ಕಡೆ ಕೆಂಪಾಗುತ್ತದಂತೆ. ಕೀಲು ನೋವು, ಬಾಯಿ ಹುಣ್ಣು ಇದ್ದವರು ಈ ಪರೀಕ್ಷೆಯನ್ನು ತಪ್ಪಿಸಬೇಡಿ.

ಸ್ಟೆರಾಯ್ಡ್ ನಿಲ್ಲಿಸಿದ ಮೇಲಿನ ವಾರಗಳು ಬಹಳ ಕಷ್ಟ. ಮುಖ ಊದಿಕೊಂಡಿತು, ಕೀವುಗುಳ್ಳೆ ಎದ್ದವು. ಹೀಗೇ ಆಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ಗಟ್ಟಿಯಾಗಿ ಕೂತೆ, ಇಲ್ಲದಿದ್ದರೆ ಓಡಿಹೋಗಿ ಅದೇ ಟ್ಯೂಬ್ ತರುತ್ತಿದ್ದೆ. ಆ ಹೊತ್ತಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು, ದಿನಕ್ಕೊಂದು, 40 ಮಿಲಿಗ್ರಾಂ. ಈ ಕಡಿಮೆ ಪ್ರಮಾಣ ರೋಗಾಣು ಕೊಲ್ಲುವುದಕ್ಕಲ್ಲ, ಉರಿಯೂತ ಇಳಿಸುವುದಕ್ಕೆ. ಇದನ್ನು ತುಂಬು ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಮಲಗಿದರೆ ಗಂಟಲ ಕೆಳಗೆ ಅಂಟಿಕೊಂಡು ಸುಡುತ್ತದೆ. ಹಾಲು, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಜೊತೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಬಸುರಿಯರಿಗೆ ಕೊಡುವುದಿಲ್ಲ.

ಹಚ್ಚುವುದರಲ್ಲಿ ಮೊದಲು ಬಂದಿದ್ದು ಮೆಟ್ರೊನಿಡಜೋಲ್ ಜೆಲ್. ಹೊಟ್ಟೆ ಕೆಟ್ಟಾಗ ನುಂಗುತ್ತೇವಲ್ಲ, ಅದೇ ಔಷಧ. ಉರಿಯುವುದಿಲ್ಲ, ದುಬಾರಿಯೂ ಅಲ್ಲ, ಆದರೆ ನಿಧಾನ. ಎರಡು ತಿಂಗಳಾದರೂ ಹಚ್ಚದೆ ಅದರ ಬಗ್ಗೆ ತೀರ್ಪು ಕೊಡಬಾರದು. ಆಮೇಲೆ ಐವರ್ಮೆಕ್ಟಿನ್ 1% ಕ್ರೀಮ್. ಹೊಲ ನೋಡಿಕೊಳ್ಳುವ ನನ್ನ ತಮ್ಮ ಟ್ಯೂಬ್ ಓದಿ, 'ಅಕ್ಕಾ, ಇದು ದನಕ್ಕ ಹುಳಕ್ಕ ಮಾಡಸ್ತೀವಲ್ಲ ಆ ಇಂಜೆಕ್ಷನ್ನು!' ಅಂತ ನಕ್ಕ. ಅವನು ಹೇಳಿದ್ದು ಸರಿಯೇ. ಇದರ ಮೂಲದ ಔಷಧ ಕಂಡುಹಿಡಿದ ಕ್ಯಾಂಪ್‌ಬೆಲ್ ಮತ್ತು ಓಮುರಾ ಅವರಿಗೆ 2015ರಲ್ಲಿ ನೊಬೆಲ್ ಬಂತು. ನಮ್ಮೆಲ್ಲರ ಮುಖದ ಕೂದಲ ಬುಡದಲ್ಲಿ ಡೆಮೊಡೆಕ್ಸ್ ಅಂತ ಕಣ್ಣಿಗೆ ಕಾಣದ ನುಸಿ ಇರುತ್ತದೆ, ರೋಸೇಶಿಯಾ ಇದ್ದವರಲ್ಲಿ ಜಾಸ್ತಿ. ಈ ಕ್ರೀಮ್ ಅದನ್ನು ಕಡಿಮೆ ಮಾಡುತ್ತದೆ, ಉರಿಯೂತವನ್ನೂ ಇಳಿಸುತ್ತದೆ. ರಾತ್ರಿ ಒಂದೇ ಸಲ, ಹಣೆ, ಗದ್ದ, ಮೂಗು, ಎರಡು ಕೆನ್ನೆಗೆ ಬಟಾಣಿ ಕಾಳಿನಷ್ಟು. ನನ್ನ ಗುಳ್ಳೆಗೆ ಎಲ್ಲಕ್ಕಿಂತ ಚೆನ್ನಾಗಿ ಹಿಡಿದದ್ದು ಇದೇ.

ಅಜೆಲಾಯಿಕ್ ಆಸಿಡ್ 15% ಜೆಲ್ ಕೂಡ ಬಳಸಿದೆ. ಆರಂಭದಲ್ಲಿ ಚುರುಚುರು, ಇರುವೆ ಓಡಾಡಿದ ಹಾಗೆ. ಅದಕ್ಕೆ ಮೊದಲು ಮಾಯಿಶ್ಚರೈಸರ್ ಹಚ್ಚಿ, ಅದು ಒಣಗಿದ ಮೇಲೆ ದಿನ ಬಿಟ್ಟು ದಿನ ಇದನ್ನು ಹಚ್ಚುತ್ತಿದ್ದೆ. ನಮ್ಮಂಥ ಬಣ್ಣದವರಿಗೆ ಇದರಿಂದ ಇನ್ನೊಂದು ಲಾಭ ಇದೆ: ಗುಳ್ಳೆ ಹೋದ ಮೇಲೆ ಉಳಿಯುವ ಕಪ್ಪು ಕಲೆಯೂ ತಿಳಿಯಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಗುಳ್ಳೆ ಹೋದವು. ಕೆಂಪು ಉಳಿಯಿತು. ಕೆಂಪನ್ನು ಕೆಲವು ಗಂಟೆ ಇಳಿಸುವ ಬ್ರಿಮೊನಿಡಿನ್ ಜೆಲ್ ಅಂತ ಇದೆ, ಅದು ನಾಳಗಳನ್ನು ಕುಗ್ಗಿಸುತ್ತದೆ. ಆದರೆ ಇಳಿದ ಮೇಲೆ ಕೆಲವರಿಗೆ ಮೊದಲಿಗಿಂತ ಜಾಸ್ತಿ ಕೆಂಪಾಗುತ್ತದೆ. ಒಂದು ಟ್ಯೂಬಿನ ಆಟ ನೋಡಿದ್ದೇ ಸಾಕು, ಇದು ಬೇಡ ಅಂದರು ಡಾಕ್ಟರು. ಹಾಗಾಗಿ ಕೆಂಪಿಗೆ ನನ್ನ ಔಷಧ ಅಂದರೆ ಬಿಸಿಯಿಂದ ದೂರ ಇರುವುದು, ಅಷ್ಟೇ. ಕಲಬುರಗಿಯಲ್ಲಿ ಕೂತು ಬಿಸಿಯಿಂದ ದೂರ ಇರುವುದು ಅಂದರೆ ನೀವೂ ನಗುತ್ತೀರಿ.

ಬಿಸಿಲೇ ದೊಡ್ಡ ಶತ್ರು ಅಂದುಕೊಂಡಿದ್ದೆ. ಒಂದು ನೋಟ್‌ಬುಕ್ಕಿನಲ್ಲಿ ಮುಖ ಕೆರಳಿದ ದಿನ, ಹೊತ್ತು, ಅದಕ್ಕೂ ಮುಂಚೆ ಏನು ಮಾಡುತ್ತಿದ್ದೆ ಅಂತ ಬರೆಯುತ್ತಾ ಹೋದಾಗ ಬೇರೆಯೇ ಕಂಡಿತು. ಮೋಡ ಇದ್ದ ದಿನವೂ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೇ ಮುಖ ಉರಿಯುತ್ತಿತ್ತು. ಕಾರಣ ರೊಟ್ಟಿ. ಜೋಳದ ರೊಟ್ಟಿ ಬಡಿದು ಹೆಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತೇವಲ್ಲ, ಆ ಗಳಿಗೆಯಲ್ಲಿ ಭುಸ್ ಅಂತ ಏಳುವ ಹಬೆ ನೇರ ಕೆನ್ನೆಗೇ ಬಡಿಯುತ್ತದೆ. ಮನೆಮಂದಿಗೆಲ್ಲ ಆಗುವಷ್ಟು ರೊಟ್ಟಿ ಅಂದರೆ ಅಷ್ಟೂ ಸಲ ಹಬೆ. ಈಗ ಹೆಂಚಿನ ಎದುರು ನಿಲ್ಲದೆ ಪಕ್ಕಕ್ಕೆ ನಿಲ್ಲುತ್ತೇನೆ, ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇವೆ. ವಾರದಲ್ಲಿ ಅರ್ಧ ದಿನ ಮಹಿಳಾ ಸಂಘದವರು ಮಾಡುವ ಖಡಕ್ ರೊಟ್ಟಿ ತರಿಸುತ್ತೇವೆ. ಉಳಿದ ದಿನ ಬಡಿಯುವುದು ನಾನು, ಸುಡುವುದು ನಮ್ಮ ಮನೆಯವರು. ಅವರ ರೊಟ್ಟಿ ಉಬ್ಬುವುದಿಲ್ಲ, ಆದರೂ ತಿನ್ನುತ್ತೇವೆ.

ಖಾರದ ಕಥೆ ವಿಜ್ಞಾನದ ಟೀಚರಿಗೆ ಖುಷಿ ಕೊಡುವಂಥದ್ದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮತ್ತು ಸುಡುವ ಬಿಸಿ, ಎರಡನ್ನೂ ನಮ್ಮ ನರ ಗುರುತಿಸುವುದು ತನ್ನ ಮೇಲಿರುವ ಒಂದೇ ಗ್ರಾಹಕದಿಂದ (ರಿಸೆಪ್ಟರ್). ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅಂದರೆ ರಂಜಕ ತಿಂದರೂ ಒಂದೇ, ಹೆಂಚಿನ ಮುಂದೆ ನಿಂತರೂ ಒಂದೇ. ಪೂರ್ತಿ ಸಪ್ಪೆ ಊಟ ನನ್ನಿಂದ ಆಗದು. ಹಸಿಮೆಣಸಿನಕಾಯಿ ಬಿಟ್ಟೆ, ಗುಂಟೂರು ಮೆಣಸಿನಕಾಯಿ ಬಿಟ್ಟೆ, ಕೆಂಪು ಖಾರಕ್ಕೆ ಬರೀ ಬ್ಯಾಡಗಿ. ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಶೇಂಗಾ ಚಟ್ನಿ ನೋಡಲು ಹಾಗೇ ಇದೆ. ಚಹಾ ಬಿಟ್ಟಿಲ್ಲ, ಆರಿಸಿ ಕುಡಿಯುತ್ತೇನೆ. ತೊಂದರೆ ಕೊಡುವುದು ಚಹಾದ ಬಿಸಿ, ಚಹಾಪುಡಿ ಅಲ್ಲ.

ಆದರೆ ನನ್ನ ಪಟ್ಟಿಯನ್ನೇ ನೀವು ಹಿಡಿಯಬೇಡಿ. ಕೆಲವರಿಗೆ ಮದ್ಯ, ಕೆಲವರಿಗೆ ಸಿಟ್ಟು, ಕೆಲವರಿಗೆ ಚಳಿಗಾಳಿ. ನಿಮ್ಮ ನೋಟ್‌ಬುಕ್ ನೀವೇ ಬರೆಯಬೇಕು. ಪಾರ್ಲರಿನ ಸ್ಟೀಮ್ ಮತ್ತು ಬ್ಲೀಚ್ ಮಾತ್ರ ರೋಸೇಶಿಯಾ ಇರುವ ಯಾರಿಗೂ ಬೇಡ. ನಿಂಬೆರಸ, ಕಡಲೆಹಿಟ್ಟಿನ ಉಜ್ಜಾಟ ಇವೂ ಬೇಡ.

ಮುಖ ಕೆರಳಿದ ದಿನ ನಾನು ಮಾಡುವುದು ಇಷ್ಟು. ಹಳೆ ಕಾಟನ್ ಸೀರೆಯ ತುಂಡನ್ನು ಮಡಕೆ ನೀರಿನಲ್ಲಿ ಅದ್ದಿ, ಹಿಂಡಿ, ಕೆನ್ನೆ ಮೇಲೆ ಸುಮ್ನೆ ಇಡುತ್ತೇನೆ. ಉಜ್ಜುವುದಿಲ್ಲ. ಐಸನ್ನು ಮುಖಕ್ಕೆ ನೇರ ಹಚ್ಚುವುದಿಲ್ಲ, ಒಂದು ಚೂರನ್ನು ಬಾಯಲ್ಲಿ ಇಟ್ಟುಕೊಳ್ಳುತ್ತೇನೆ. ನಂಬಿ, ಅದರಿಂದ ಉರಿ ಬೇಗ ಇಳಿಯುತ್ತದೆ. ಫ್ಯಾನ್ ಕೆಳಗೆ ಕೂರುತ್ತೇನೆ. ಆ ರಾತ್ರಿ ಅಜೆಲಾಯಿಕ್ ರಜಾ, ವಾಸನೆ ಇಲ್ಲದ ಮಾಯಿಶ್ಚರೈಸರ್ ಮಾತ್ರ. ಹೊಸದಾಗಿ ಏನನ್ನೂ ಹಚ್ಚುವುದಿಲ್ಲ, ಯಾರು ಎಷ್ಟೇ ಹೇಳಿದರೂ. ಬರೀ ಕೆಂಪಾದರೆ ಇಷ್ಟಕ್ಕೇ ಇಳಿಯುತ್ತದೆ. ಕೀವುಗುಳ್ಳೆ ಎದ್ದು ಒಂದು ವಾರ ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ಫೋನ್.

ಸನ್‌ಸ್ಕ್ರೀನ್ ಹುಡುಕುವುದೇ ಒಂದು ತಲೆನೋವು. ಎಷ್ಟೋ ಬಗೆ ಹಚ್ಚಿದರೆ ಉರಿಯುತ್ತಿದ್ದವು. ಜಿಂಕ್ ಆಕ್ಸೈಡ್ ಇರುವುದು ಉರಿಯಲಿಲ್ಲ, ಆದರೆ ಬೂದಿ ಬಳಿದ ಹಾಗೆ ಕಾಣುತ್ತಿದ್ದೆ, ಮಕ್ಕಳು ಮುಸಿಮುಸಿ ನಗುತ್ತಿದ್ದರು. ಐರನ್ ಆಕ್ಸೈಡ್ ಸೇರಿಸಿ ಕಂದು ಬಣ್ಣ ಕೊಟ್ಟ ಬಗೆ ಸಿಕ್ಕಿದ ಮೇಲೆ ಆ ಕಷ್ಟ ತಪ್ಪಿತು. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಜೊತೆಗೆ ಕೊಡೆ. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆಯ ಸೀಟು.

ಕಣ್ಣಿನ ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕಣ್ಣು ಚುಚ್ಚುವುದು, ಕೆಂಪಾಗುವುದು, ರೆಪ್ಪೆಯ ಅಂಚಿನಲ್ಲಿ ಹೊಟ್ಟು ಕಟ್ಟುವುದು, ಪದೇಪದೇ ಕಣ್ಣಲ್ಲಿ ಕುರು ಏಳುವುದು, ಇದೂ ರೋಸೇಶಿಯಾ ಆಗಿರಬಹುದು. ನಾನು ಊರಿನ ಧೂಳು ಅಂತ ಸುಮ್ಮನಿದ್ದೆ. ರೆಪ್ಪೆಗೆ ಬಿಸಿ ಬಟ್ಟೆ ಇಡಿ ಅಂತ ಡಾಕ್ಟರು ಹೇಳಿದಾಗ, ಮುಖಕ್ಕೆ ಬಿಸಿ ಬೇಡ ಅಂದವರೂ ನೀವೇ ಅಲ್ವಾ ಅಂದೆ. ಬಟ್ಟೆಯನ್ನು ಸಣ್ಣಗೆ ಮಡಚಿ, ಹದ ಬಿಸಿ ನೀರಿನಲ್ಲಿ ಅದ್ದಿ, ಕಣ್ಣಿನ ಗುಳಿಯಷ್ಟಕ್ಕೇ ಇಡಬೇಕು, ಕೆನ್ನೆಗೆ ತಾಗಿಸಬಾರದು. ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಕಾಯದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಲೇಸರ್ ಬಗ್ಗೆಯೂ ವಿಚಾರಿಸಿದೆ. ಮೂಗಿನ ಪಕ್ಕ ನೂಲಿನಂತೆ ಕಾಣುವ ರಕ್ತನಾಳ ಮುಲಾಮಿಗೆ ಹೋಗುವುದಿಲ್ಲ, ಅದಕ್ಕೆ ಲೇಸರೇ ದಾರಿ. ಆದರೆ ಕೆಲವು ಬಗೆಯ ಬೆಳಕನ್ನು ನಮ್ಮ ಚರ್ಮದ ಬಣ್ಣವೇ ಹೀರಿಕೊಂಡು ಸುಟ್ಟ ಕಲೆ ಉಳಿಯಬಹುದು. ಕಪ್ಪು ಚರ್ಮಕ್ಕೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರಿನಲ್ಲಿ ಈ ಅಪಾಯ ಕಡಿಮೆ. ಮಾಡಿಸುವುದಿದ್ದರೆ ಯಾವ ಮೆಷಿನ್, ನಮ್ಮ ಬಣ್ಣದವರಿಗೆ ಮೊದಲು ಮಾಡಿದ್ದೀರಾ, ಒಂದು ಸಣ್ಣ ಜಾಗದಲ್ಲಿ ಮೊದಲು ಮಾಡಿ ನೋಡುತ್ತೀರಾ, ಈ ಮೂರು ಕೇಳಿ. ನಾನು ಮಾಡಿಸಿಲ್ಲ. ಹಲವು ಸಲ ಹೋಗಬೇಕು, ಪ್ರತಿ ಸಲವೂ ದುಡ್ಡು, ಮೇಲಾಗಿ ಆ ಗೆರೆಗಳು ನನಗೊಬ್ಬಳಿಗೇ ಕಾಣುವುದು.

ಈಗ ಮಾತ್ರೆ ಇಲ್ಲ. ಐವರ್ಮೆಕ್ಟಿನ್ ಚಳಿಗಾಲದಲ್ಲಿ ನಿಲ್ಲಿಸಿ, ಶಿವರಾತ್ರಿ ಕಳೆದ ಮೇಲೆ ಡಾಕ್ಟರನ್ನು ಕೇಳಿ ಮತ್ತೆ ಶುರು ಮಾಡುತ್ತೇನೆ. ಏಪ್ರಿಲ್, ಮೇನಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ 1.30ರವರೆಗೆ ನಡೆಯುತ್ತವೆ. ಬ್ಯಾಂಕಿನದು ಬಿಟ್ಟು ಉಳಿದ ಹೊರಗಿನ ಕೆಲಸವನ್ನೆಲ್ಲ 8 ಗಂಟೆಗೇ ಹೋಗಿ ಮುಗಿಸಿಕೊಂಡು ಬರುತ್ತೇನೆ.