ದೂರಶಿಕ್ಷಣಕ್ಕೆ ಫೀಸು ಕಟ್ಟುವ ಮುಂಚೆ ಆ್ಯಪ್‌ಗೇ ಪರೀಕ್ಷೆ ಇಡಿ

ಆ್ಯಪ್ ಇದೆ, ಲೈವ್ ಕ್ಲಾಸ್ ಇದೆ, ಎಐ ಇದೆ ಅಂತ ಅಡ್ಮಿಷನ್ ಮಾಡಿಸುವವರು ಈಗ ಜಾಸ್ತಿ. ಇರಲಿ. ನಿಮ್ಮ ಊರಲ್ಲಿ, ನಿಮಗೆ ಪುರುಸೊತ್ತು ಸಿಗುವ ಹೊತ್ತಿನಲ್ಲಿ ಅದು ನಡೆಯುತ್ತದಾ? ಅದನ್ನು ನೋಡಿ.

ಮೊದಲು ಮಾನ್ಯತೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ವಿವಿಯ ಹೆಸರಿದ್ದರೆ ಸಾಲದು, ನಿಮ್ಮ ಕೋರ್ಸೂ ಈ ವರ್ಷದ ಪಟ್ಟಿಯಲ್ಲಿ ಇರಬೇಕು. ಸರ್ಕಾರಿ ವಿವಿ ಅಂತ ಸುಮ್ನೆ ನಂಬಬೇಡಿ, ಮೈಸೂರಿನ ಮುಕ್ತ ವಿವಿಗೇ 2015ರಲ್ಲಿ ಮಾನ್ಯತೆ ಹೋಗಿ 2018ರಲ್ಲಿ ವಾಪಸ್ ಸಿಕ್ಕಿತು.

ಆಮೇಲೆ ಡೆಮೊ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾರದೋ ಆಫೀಸಿನ ವೈಫೈನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಆಳಂದವೋ ಚಿಂಚೋಳಿಯೋ ಶಹಾಪುರವೋ, ನಿಮ್ಮ ಮನೆಯಲ್ಲೇ, ರಾತ್ರಿ ಎಂಟಕ್ಕೆ, ಓಣಿಯವರೆಲ್ಲ ರೀಲ್ಸ್ ನೋಡುವಾಗ ಅರ್ಧ ಗಂಟೆ ಓಡಿಸಿ, ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ಎಷ್ಟು ಡೇಟಾ ತಿಂದಿದೆ ನೋಡಿ. ಡೆಮೊ ಕೊಡದೆ ಇವತ್ತೇ ದುಡ್ಡು ಕಟ್ಟಿ ಅಂದರೆ ಎದ್ದು ಬನ್ನಿ. ಸೆಕೆಂಡಿಗೆ 64 ಕಿಲೋಬಿಟ್ (ಕೆಬಿಪಿಎಸ್) ವೇಗದ ಆಡಿಯೊಗೆ ಗಂಟೆಗೆ 29 ಎಂಬಿ ಸಾಕು, ವಿಡಿಯೊಗೆ ಅದರ ಎಷ್ಟೋ ಪಟ್ಟು ಬೇಕು. ಸರ್ ಸ್ಲೈಡ್ ಓದಿ ಹೇಳುವ ಕ್ಲಾಸಿಗೆ ವಿಡಿಯೊ ಯಾಕೆ? ಆಡಿಯೊ ಡೌನ್‌ಲೋಡ್ ಕೊಡುತ್ತೀರಾ ಅಂತ ಕೇಳಿ.

ನೋಟ್ಸಿನ ಪಿಡಿಎಫ್ ತೆಗೆದು ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪದ ಸೆಲೆಕ್ಟ್ ಆಗದಿದ್ದರೆ ಅದು ಬರೀ ಫೋಟೊ. ಹುಡುಕಲು ಬರುವುದಿಲ್ಲ, ಫೋನಿನಿಂದ ಓದಿಸಿ ಕೇಳುವ ಅಂಧ ವಿದ್ಯಾರ್ಥಿಗೆ ಆ ನೋಟ್ಸ್ ಇದ್ದೂ ಇಲ್ಲ. ಸೆಲೆಕ್ಟ್ ಆದರೂ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ: ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನದಾದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ ಬೀಳುತ್ತದೆ.

ಹಾಜರಿ ಹೇಗೆ ಹಾಕುತ್ತಾರೆ? ಇದನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿ. ಮನೆಗೆ ಒಂದೇ ಫೋನು, ಅದು ತಮ್ಮನ ಜೊತೆ ಹೈದರಾಬಾದಿಗೆ ಕೆಲಸಕ್ಕೆ ಹೋದರೆ ಏನು ಗತಿ? ಲಾಗಿನ್ ಆದ ನಿಮಿಷ ಎಣಿಸುವ ಆ್ಯಪ್‌ಗೆ ನೀವು ಪುಸ್ತಕ ಓದಿದ್ದು ಗೊತ್ತಾಗುವುದಿಲ್ಲ, ವಿಡಿಯೊ ಹಚ್ಚಿಟ್ಟು ರೊಟ್ಟಿ ಬಡಿಯುತ್ತಾ ಕೂತವರು ಮಾತ್ರ ಹಾಜರ್. ಓದಿದ್ದರ ಲೆಕ್ಕ ಅಲ್ಲ ಅದು, ಸ್ಕ್ರೀನಿನ ಲೆಕ್ಕ ಅಲ್ವಾ?

ಡೌಟ್ ಕೇಳಿದರೆ ಉತ್ತರ ಕೊಡುವುದು ಮೇಷ್ಟ್ರಾ, ಮಷೀನಾ? ಅಧ್ಯಯನ ಕೇಂದ್ರ ಎಲ್ಲಿದೆ, ಭಾನುವಾರ ತೆರೆದಿರುತ್ತದಾ? ಇದನ್ನೂ ಕೇಳಿ.

ಡೇಟಾ ಕಡಿಮೆ ಇದ್ದವರು ಟಿವಿ ಮರೆಯಬೇಡಿ. ಕೇಂದ್ರ ಸರ್ಕಾರದ ಪಾಠದ ಚಾನೆಲ್‌ಗಳಾದ ಸ್ವಯಂ ಪ್ರಭಾ ಡಿಡಿ ಫ್ರೀ ಡಿಶ್‌ನಲ್ಲಿ ಪುಕ್ಕಟೆ. ದಿನಕ್ಕೆ ಕನಿಷ್ಠ 4 ಗಂಟೆ ಹೊಸ ಪಾಠ, ಅದನ್ನೇ ಆ ದಿನ ಮತ್ತೆ 5 ಸಲ ಹಾಕುವ ವ್ಯವಸ್ಥೆ, ಹಾಗಾಗಿ ಸಂಜೆ ಕರೆಂಟ್ ಹೋಗಿ ತಪ್ಪಿದ್ದು ರಾತ್ರಿಯೋ ಬೆಳಗ್ಗೆಯೋ ಸಿಗುತ್ತದೆ. ಕನ್ನಡದ ಪಾಠ ಮಾತ್ರ ಕಡಿಮೆ.